ಏಳು ಬಣ್ಣದ ಬಲ್ಬು, ನನ್ನ ಲೆಕ್ಕಕ್ಕೆ ನಾಲ್ಕು

ಕನ್ನಡಕ ಹುಡುಕಲು ಮೇಜಿನ ಖಾನೆಗೆ ಕೈಹಾಕಿದರೆ ಸಿಕ್ಕಿದ್ದು ಎಲ್‌ಇಡಿ ಬಲ್ಬುಗಳ ಪೊಟ್ಟಣ. ಒಂದೊಂದೂ ತೊಗರಿಕಾಳಿಗಿಂತ ಚೂರು ದೊಡ್ಡದು, ಕೆಳಗೆ ಎರಡು ತಂತಿ ಕಾಲು. ಕಾಲುಗಳ ನಡುವೆ ಬಿಲ್ಲೆಯಂಥ ಸೆಲ್ ಸಿಕ್ಕಿಸಿದರೆ ಸಾಕು, ತಾನೇ ಹೊತ್ತಿ ತಾನೇ ಬಣ್ಣ ಬದಲಿಸುತ್ತದೆ. ಇನ್ನೂ ಅರ್ಧ ಪೊಟ್ಟಣ ಉಳಿದಿದೆ. ನಮ್ಮನೆಗೆ ಬಂದರೆ ನಿಮಗೂ ಒಂದು ಹಿಡಿ ಕೊಡುತ್ತೇನೆ, ಬೇಡ ಅನ್ನಬೇಡಿ.

ನಾನು ಸೋಮವಾರಪೇಟೆಗೆ ಹೋಗಿದ್ದು ಪಂಪಿನ ಸ್ವಿಚ್ ತರಲು. ಅಂಗಡಿಯವನು, "ಸಾರ್, ಏಳು ಬಣ್ಣ ಬರುತ್ತೆ, ಅಗ್ಗ, ತಗಂಡು ಹೋಗಿ" ಅಂದ. ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೇರೇನೂ ಕೇಳಿಸುವುದಿಲ್ಲ. ತಂದಮೇಲೆ ಏನಾದರೂ ಉಪಯೋಗ ಹುಡುಕಬೇಕಲ್ಲ? ನಾಯಿಯ ಕೊರಳಪಟ್ಟಿಗೆ ಕಟ್ಟಿದೆ. ಅದು ತನ್ನ ಕೊರಳನ್ನೇ ಅಟ್ಟಿಸಿಕೊಂಡು ಗಿರಗಿರ ಸುತ್ತಿತು. ಕೊಟ್ಟಿಗೆಗೆ ಹಾಕಿದೆ, ಹಸು ಹಾಲು ಇಳಿಸಲಿಲ್ಲ. ಕಾಡುಹಂದಿ ಹೆದರಲಿ ಎಂದು ಕೆಸುವಿನ ಪಾತಿಯ ಸುತ್ತ ನೆಟ್ಟೆ. ಹಂದಿಗಳು ಆ ಬೆಳಕಿನಲ್ಲಿ ಹುಡುಕುವ ಕಷ್ಟವಿಲ್ಲದೆ ಗೆಡ್ಡೆ ಕಿತ್ತು ತಿಂದವು. ದೇವರ ಕೋಣೆಯ ಕಡೆ ಹೊರಟಾಗ ಅವ್ವ ಊರುಗೋಲು ಅಡ್ಡ ಹಿಡಿದಳು. "ದೇವರ ಮುಂದೆ ಈ ದೊಂಬರಾಟ ಇಟ್ಟೀಯ, ಜೋಕೆ!"

ಇಷ್ಟೆಲ್ಲ ಆದಮೇಲೆ ನನಗೊಂದು ಅನುಮಾನ ಹುಟ್ಟಿತು. ಏಳು ಬಣ್ಣ ಅಂದಿದ್ದನಲ್ಲ, ನಾನು ಎಷ್ಟು ಸಲ ಎಣಿಸಿದರೂ ನಾಲ್ಕೇ. ನೀಲಿ, ಬಿಳಿ, ಹಳದಿ, ಆಮೇಲೆ ಒಂದು ಮಾಸಲು ಹಳದಿ. ಮೋಸ! ಕಾಫಿ ಮೂಟೆ ಇಡುವ ಉಗ್ರಾಣದ ಬಾಗಿಲು ಮುಚ್ಚಿ, ಒಂದೊಂದೇ ಬಲ್ಬು ಹಚ್ಚಿ ಪರೀಕ್ಷಿಸಿದೆ. ಎಲ್ಲವೂ ಅಷ್ಟೇ. ಸಾಕ್ಷಿಗೆಂದು ಹೆಂಡತಿ ಗಿರಿಜಾಳನ್ನು ಕರೆದೆ.

"ಈಗ ಕೆಂಪು," ಅಂದಳು. "ಈಗ ಹಸಿರಾಯ್ತು."

"ಎಲ್ಲಾಯ್ತು? ಹಂಗೇ ಇದೆಯಲ್ಲ!"

"ಏನ್ರೀ ನೀವು, ಕಣ್ಣು ಬಿಟ್ಕಂಡು ನೋಡಿ."

ಇವಳು ಪೊಟ್ಟಣದ ಮೇಲಿನ ಚಿತ್ರ ನೋಡಿ ಹೇಳುತ್ತಿದ್ದಾಳೆ ಎಂದುಕೊಂಡೆ. ಜಗಳಕ್ಕೆ ಅಂಗಡಿಗೇ ಹೋದೆ. ಅಂಗಡಿಯವನೂ ಏಳು ಎಣಿಸಿದ. ವೈರ್ ಕೊಳ್ಳಲು ಬಂದಿದ್ದ ಯಾರೋ ಒಬ್ಬರು, ನನಗೂ ಅವರಿಗೂ ಗುರುತಿಲ್ಲ, ಅವರೂ ಏಳು ಅಂದರು. ಊರಿಗೆ ಊರೇ ನನ್ನ ವಿರುದ್ಧ ಒಂದಾಗಿದೆಯೋ, ನನಗೇ ತಲೆ ಕೆಟ್ಟಿದೆಯೋ? ಕೊನೆಗೆ ಅಂಗಡಿಯವನೇ ಮೆತ್ತಗೆ, "ಸಾರ್, ಒಂದ್ಸಲ ಕಣ್ಣು ತೋರಿಸಿ" ಅಂದ.

ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಇದೆ ಎಂದರು. ನನಗೆ ಚುಕ್ಕಿ ಮಾತ್ರ ಕಂಡವು. "ಕೆಂಪು, ಹಸಿರು ನಿಮಗೆ ಬೇರೆಬೇರೆಯಾಗಿ ಕಾಣಲ್ಲ. ಹುಟ್ಟಿನಿಂದ ಬಂದದ್ದು, ತಾಯಿ ಕಡೆಯಿಂದ ಬರುತ್ತೆ," ಎಂದು ವಿವರಿಸಿ, "ಸೋದರಮಾವಂದಿರಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿದರು.

ನಾನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಪುಟ್ಟಸ್ವಾಮಿ ಮಾವ!

ಅವ್ವನ ತಮ್ಮ, ಅಜ್ಜನ ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವರು ಈ ಪುಟ್ಟಸ್ವಾಮಿ ಮಾವ. ಅಜ್ಜನ ಕಾಫಿ ತೋಟದಲ್ಲಿ ಪಿಕಿಂಗ್, ಅಂದರೆ ಹಣ್ಣು ಬಿಡಿಸುವುದನ್ನು ನೋಡಿಕೊಳ್ಳುವ ಕೆಲಸ ಅವರದಾಗಿತ್ತು. ಅರೇಬಿಕಾ ಜಾತಿಯ ಕಾಫಿಯಲ್ಲಿ ಕೆಂಪಾದ ಹಣ್ಣನ್ನು ಮಾತ್ರ ಬಿಡಿಸಬೇಕು. ಹಸಿರು ಕಾಯಿ ಸೇರಿದರೆ ಕಾಫಿ ಕೆಡುತ್ತದೆ. ಮಾವ ಮುಂದೆ ನಿಂತು ಬಿಡಿಸಿದ ಬುಟ್ಟಿಗಳಲ್ಲಿ ಕಾಯಿಯೇ ಜಾಸ್ತಿ. ಒಂದು ಸಂಜೆ ಅಜ್ಜ ಅವರ ಬುಟ್ಟಿಯನ್ನು ಕಣದಲ್ಲಿ ಆಳುಗಳೆದುರೇ ಸುರಿದು, "ಇದು ಹಣ್ಣೇನೋ?" ಎಂದು ಗುಡುಗಿದರು. ಮಾವ ಬಗ್ಗಿ ನೋಡಿದರು. "ಹಣ್ಣೇ ಅಪ್ಪಯ್ಯ," ಅಂದರು. ಮತ್ತೆ ಕೇಳಿದರೂ ಅದೇ ಮಾತು. ಅಷ್ಟು ಜನರ ಮುಂದೆ ಮಗ ಎದುರುತ್ತರ ಕೊಟ್ಟನೆಂದು ಅಜ್ಜ, "ನಾಳೆಯಿಂದ ನನ್ನ ತೋಟಕ್ಕೆ ಕಾಲಿಡಬೇಡ" ಎಂದುಬಿಟ್ಟರು. ಮಾವ ಬಾಳೆಲೆ ಎಂಬ ಊರಿಗೆ ಹೋಗಿ ದಿನಸಿ ಅಂಗಡಿ ಹಾಕಿದರು. ಅಜ್ಜ ತೀರಿಕೊಂಡಾಗ ಮಣ್ಣಿಗೆ ಬಂದವರು ಅಂಗಳದಿಂದಲೇ ಹಿಂದಿರುಗಿದರು. ಅವ್ವನಿಗೂ ತಮ್ಮನ ಮೇಲಿನ ಸಿಟ್ಟು ಆರಲಿಲ್ಲ. ನಾನು ಏನಾದರೂ ಹಟ ಮಾಡಿದರೆ ಸಾಕು, "ಕಾಯಿನ ಹಣ್ಣು ಅಂದವನ ಅಳಿಯ ಅಲ್ವಾ!" ಅನ್ನುತ್ತಿದ್ದಳು.

ಒಂದು ವಿಷಯ ಹೇಳುತ್ತೇನೆ ಕೇಳಿ. ಆ ಸಂಜೆ ಕಣದಲ್ಲಿ ನಾನೂ ಇದ್ದೆ, ಚಿಕ್ಕವನು. ಸುರಿದದ್ದನ್ನು ನಾನೂ ನೋಡಿದೆ. ನನಗೂ ಹಣ್ಣೇ ಕಂಡಿತ್ತು. ಅಜ್ಜ ಯಾಕೆ ಬೈಯುತ್ತಿದ್ದಾರೆಂದು ಆವತ್ತು ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ನಮ್ಮ ತೋಟದಲ್ಲಿ ಪಿಕಿಂಗ್ ನೋಡುವವಳು ಗಿರಿಜಾ. ಮದುವೆಯಾದ ಹೊಸದರಲ್ಲೇ, "ನೀವು ಲೆಕ್ಕ ಬರ್ಕಳಿ, ಹಣ್ಣು ನಾನು ನೋಡ್ತೀನಿ" ಅಂದಿದ್ದಳು. ಹೆಂಡತಿಗೆ ಅಧಿಕಾರ ಬಿಟ್ಟುಕೊಟ್ಟ ದೊಡ್ಡ ಮನಸ್ಸು ನನ್ನದೆಂದು ಇಷ್ಟು ವರ್ಷ ಬೀಗಿದ್ದೆ. ಮಾವನಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ.

ಅವ್ವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ಮಾವನನ್ನು ಕರೆಸಿದೆ. ಬಿಳಿ ಮೀಸೆ, ಬಾಗಿದ ಬೆನ್ನು, ಕೈಯಲ್ಲಿ ಅಕ್ಕನಿಗೆಂದು ಕಿತ್ತಳೆ. ಇಬ್ಬರನ್ನೂ ಉಗ್ರಾಣದಲ್ಲಿ ಕೂರಿಸಿ ಬಲ್ಬು ಹಚ್ಚಿದೆ.

"ಮಾವ, ಎಷ್ಟು ಬಣ್ಣ ಕಾಣುತ್ತೆ?"

ಅವರು ತುಂಬ ಹೊತ್ತು ನೋಡಿದರು. "ನಾಲ್ಕು."

"ಏಳು ಕಣೋ!" ಎಂದಳು ಅವ್ವ.

"ನಾಲ್ಕೇ ಅಕ್ಕ."

ಕಣದಲ್ಲಿ ಕೇಳಿದ್ದ ಅದೇ ದನಿ. "ನನಗೂ ನಾಲ್ಕೇ ಅವ್ವ," ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

ಮಾವ ಬಲ್ಬಿಗೆ ಬೆರಳು ತೋರಿಸಿ, "ಇದೇನಾ ಅಕ್ಕ, ಅಪ್ಪಯ್ಯ ಹೇಳ್ತಿದ್ದ ಹಣ್ಣು?" ಎಂದರು.

"ಹೂಂ."

ಸ್ವಲ್ಪ ಹೊತ್ತು ಬಿಟ್ಟು, "ಇದು?"

"ಇದು ಕಾಯಿ ಕಣೋ," ಎನ್ನುವಷ್ಟರಲ್ಲಿ ಅವ್ವ ಅಳುತ್ತಿದ್ದಳು. "ನಂಗೆ ಎಲ್ಲ ಒಂದೇ ಥರ ಕಾಣುತ್ತೆ ಅಂತ ಆವತ್ತೇ ಹೇಳಕ್ಕೇನಾಗಿತ್ತೋ ನಿಂಗೆ?"

"ಎಲ್ಲಾರ್ಗೂ ಹಂಗೇ ಕಾಣುತ್ತೆ ಅಂದ್ಕಂಡಿದ್ದೆ," ಎಂದರು ಮಾವ. "ಅಣ್ಣಂಗೆ ತೋಟ ಕೊಡಕ್ಕೆ, ನನ್ನ ಓಡಿಸಕ್ಕೆ, ಅಪ್ಪಯ್ಯ ಬೇಕಂತ್ಲೇ ಹಣ್ಣನ್ನ ಕಾಯಿ ಅಂತಾವ್ರೆ ಅಂದ್ಕಂಡೆ. ಸಾಯೋ ತನಕ ಅವ್ರ ಮುಖ ನೋಡ್ಲಿಲ್ಲ ಅಕ್ಕ."

ಮಾವ ಮರುದಿನ ಊರಿಗೆ ಹೊರಟಾಗ ಅವ್ವ ಬಸ್ಸಿನವರೆಗೂ ಊರುಗೋಲು ಊರಿಕೊಂಡೇ ಬಂದಳು. ಮನೆಗೆ ಮರಳಿ ನನ್ನ ಹತ್ತಿರ ಒಂದು ಬಲ್ಬು ಕೇಳಿದಳು. ತನ್ನ ಕೋಣೆಯ ಗೋಡೆಯಲ್ಲಿರುವ ಅಜ್ಜನ ಪಟದ ಎದುರು ಗಿರಿಜಾಳಿಂದ ಕಟ್ಟಿಸಿದಳು. "ಅಪ್ಪಯ್ಯನೂ ಒಂದ್ಸಲ ಎಣಿಸಲಿ," ಅಂದಳು. ಸೆಲ್ ಮುಗಿದರೆ ನಾನು ಬದಲಿಸುವವರೆಗೆ ಬಿಡುವುದಿಲ್ಲ. ನಾನು ಈ ಖಾನೆ ಮುಚ್ಚುವ ಹೊತ್ತಿಗೂ ಅದು ಅಲ್ಲಿ ಅಜ್ಜನ ಮೀಸೆಯ ಮೇಲೆ ಬೆಳಕು ಚೆಲ್ಲುತ್ತಿದೆ. ಕೆಂಪೋ ಹಸಿರೋ, ನನ್ನನ್ನು ಕೇಳಬೇಡಿ.