ತೋಟದ ಗೇಟಿಗೆ ಕಣ್ಣು ಕೊಡುವ ಶಾಮಲಮ್ಮ

ಸೂರ್ಯ ಇನ್ನೂ ದೇವರಾಯಸಮುದ್ರದ ಕೆರೆ ಏರಿಯ ಆಚೆಗೇ ಇದ್ದಾನೆ. ಚಿಕ್ಕಗಂಗಮ್ಮನವರ ಟೊಮೆಟೊ ತೋಟದ ಗೇಟಿನ ಬಳಿ ಕಲ್ಲುಕಂಬಕ್ಕೆ ಏಣಿಯೊಂದು ಒರಗಿದೆ. ಏಣಿಯ ತುದಿಯಲ್ಲಿ, ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಹಲ್ಲುಗಳ ನಡುವೆ ಎರಡು ಬೋಲ್ಟ್ ಕಚ್ಚಿಕೊಂಡು ನಿಂತಿರುವವರು ಶಾಮಲಮ್ಮ. ಕಂಬದ ಸುತ್ತ ಕಬ್ಬಿಣದ ಪಟ್ಟಿ ಬಳಸಿ ಸ್ಪ್ಯಾನರ್ ತಿರುಗಿಸುತ್ತಿದ್ದಾರೆ.

"ಜಾಗ್ರತ್ತಮ್ಮಾ, ಮಂಜು ಬಿದ್ದೈತೆ, ಕಾಲು ಜಾರ್ತದೆ," ಎಂದು ಕೆಳಗೆ ಏಣಿ ಹಿಡಿದುಕೊಂಡ ಚಿಕ್ಕಗಂಗಮ್ಮ ಕೂಗುತ್ತಾರೆ. ಬಾಯಲ್ಲಿ ಬೋಲ್ಟ್ ಇರುವುದರಿಂದ ಶಾಮಲಮ್ಮ ಬರೀ ತಲೆಯಾಡಿಸುತ್ತಾರೆ.

ಪಟ್ಟಿ ಕೂತ ಮೇಲೆ ಸೋಲಾರ್ ಫಲಕವನ್ನು ದಕ್ಷಿಣಕ್ಕೆ ವಾಲಿಸಿ ಬಿಗಿಯುತ್ತಾರೆ. ಅದರ ಕೆಳಗೆ ಕ್ಯಾಮೆರಾ. ಅದನ್ನು ಮಾತ್ರ ಕೂಡಲೇ ಬಿಗಿಯುವುದಿಲ್ಲ. ಏರಿಯ ಮೇಲೆ ಬಿಸಿಲು ಮೂಡುವವರೆಗೆ ಏಣಿಯ ಮೇಲೇ ಕಾಯುತ್ತಾರೆ. ಮೊದಲ ಕಿರಣ ಗೇಟಿಗೆ ತಾಗಿದಾಗ ಕ್ಯಾಮೆರಾವನ್ನು ಒಂದಿಷ್ಟು ಎಡಕ್ಕೆ ಸರಿಸುತ್ತಾರೆ. "ಹೊತ್ತು ಹುಟ್ಟೋದು ಎಲ್ಲಿ ಅಂತ ಕಣ್ಣಾರೆ ನೋಡ್ಕೊಂಡೇ ತಿರುಗಿಸ್ಬೇಕು. ಇಲ್ದಿದ್ರೆ ಬರೋರ ಮುಖ ಎಲ್ಲಾ ಕಪ್ಪಗೆ ಕಾಣ್ತದೆ. ಅದಕ್ಕೇ ನಾನು ಬೆಳಗ್ಗೇನೇ ಬರೋದು," ಎನ್ನುತ್ತಾ ಇಳಿಯುತ್ತಾರೆ.

ಚಿಕ್ಕಗಂಗಮ್ಮನವರ ಮೊಬೈಲಿನಲ್ಲಿ ಗೇಟು ಮೂಡುತ್ತದೆ. ಗೇಟಿನ ಮುಂದೆ ಇಬ್ಬರು ಹೆಂಗಸರು. "ಅಯ್ಯೋ, ಇದು ನಾನೇ ಅಲ್ವಾ! ತಲೇನೂ ಬಾಚಿಲ್ಲ ಕಣೇ ಶಾಮಲಾ!" ಎಂದು ಆಕೆ ಸೆರಗು ಎಳೆದುಕೊಳ್ಳುತ್ತಾರೆ. ಇಬ್ಬರ ನಗು ಕೇಳಿ ಪಕ್ಕದ ಹೊಲದಲ್ಲಿ ಕಾಯಿ ಬಿಡಿಸುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನೋಡುತ್ತಾರೆ.

ಟೊಮೆಟೊಗೆ ರೇಟು ಬಂತೆಂದರೆ ಈ ಕಡೆಯ ರೈತರಿಗೆ ಸಂತೋಷದ ಬೆನ್ನಿಗೇ ದಿಗಿಲೂ ಬರುತ್ತದೆ. ಸಂಜೆ ಇದ್ದ ಹಣ್ಣು ಬೆಳಗ್ಗೆ ಗಿಡದಲ್ಲಿ ಇರುವುದಿಲ್ಲ. ಮಾವಿನ ಕಾಲದಲ್ಲೂ ಇದೇ ಪಾಡು. ಊರಿನಿಂದ ದೂರದ ತೋಟದ ಗೇಟಿಗೆ ಕರೆಂಟ್ ಲೈನು ಎಳೆಸುವುದು ಸುಲಭವಲ್ಲ. ಎಳೆಸಿದರೂ ಕರೆಂಟು ಬರುವುದು ಅದಕ್ಕೆ ತೋಚಿದ ಹೊತ್ತಿಗೆ. ಹಾಗಾಗಿ ಬಿಸಿಲನ್ನೇ ಉಂಡು, ಸಿಮ್ ಕಾರ್ಡಿನ ಮೂಲಕ ಮೊಬೈಲಿಗೆ ಚಿತ್ರ ಕಳಿಸುವ ಕ್ಯಾಮೆರಾಗಳಿಗೆ ಈಗ ಬೇಡಿಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕುಗಳಲ್ಲಿ ಶಾಮಲಮ್ಮ ಅಂಥವನ್ನು ಕೂರಿಸಿದ್ದಾರೆ. ಎಷ್ಟು ಗೇಟುಗಳೆಂದು ಕೇಳಿದರೆ, "ಇನ್ನೂರು ದಾಟಿದ್ಮೇಲೆ ಎಣ್ಸೋದು ಬಿಟ್ಬಿಟ್ಟೆ," ಎನ್ನುತ್ತಾರೆ.

ಬೈರಕೂರಿನ ರೈತರ ಮನೆಯ ಮಗಳು ಶಾಮಲಮ್ಮ. ಹತ್ತನೇ ತರಗತಿ ಮುಗಿಸಿ ಕೆಲವೇ ವರ್ಷಕ್ಕೆ ಶ್ರೀನಿವಾಸಪುರದ ಕದಿರೇಶ್ ಅವರನ್ನು ಮದುವೆಯಾಗಿ ಬಂದರು. ಕದಿರೇಶ್ ಅವರದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮನೆಯ ಜಗಲಿಯ ಮೇಲೆ ನಡೆಯುತ್ತಿತ್ತು. ಅಡುಗೆ ಮುಗಿಸಿ ಬಂದು ಕೂತ ಶಾಮಲಮ್ಮ ನೋಡುತ್ತಾ ನೋಡುತ್ತಾ ಆ ಕೆಲಸವನ್ನು ಕೈವಶ ಮಾಡಿಕೊಂಡರು. ಅಂಗಡಿಯಲ್ಲಿ ಸೋಲಾರ್ ದೀಪ, ಆಮೇಲೆ ಕ್ಯಾಮೆರಾ ಮಾರಾಟ ಶುರುವಾದಾಗ ಒಂದು ತೊಡಕು ಎದುರಾಯಿತು. ಕದಿರೇಶ್ ಅವರಿಗೆ ಎತ್ತರವೆಂದರೆ ತಲೆಸುತ್ತು.

"ನಾಲ್ಕನೇ ಮೆಟ್ಲು ದಾಟಿದ್ರೆ ಭೂಮಿ ಗಿರ್ರ್ ಅಂತದೆ ನಂಗೆ," ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಮೊದ್ಲನೇ ಕ್ಯಾಮೆರಾ ಹಾಕೋಕೆ ಹೋದಾಗ ಏಣಿ ಮಧ್ಯದಲ್ಲಿ ನಿಂತ್ಬಿಟ್ಟೆ. ಮೇಲೂ ಹೋಗಕ್ಕಾಗ್ದು, ಕೆಳಕ್ಕೂ ಬರಕ್ಕಾಗ್ದು. ಇವಳು ನನ್ನ ಇಳಿಸಿ, ತಾನು ಹತ್ತಿದ್ಲು. ಅವತ್ತಿಂದ ಇಳ್ದೇ ಇಲ್ಲ."

ಊರಿನವರ ಬಾಯಿ ಸುಮ್ಮನಿರಲಿಲ್ಲ. ಹೆಂಗಸು ಕಂಬ ಹತ್ತುವುದೇ ಎಂದರು. ಗಂಡನನ್ನು ಕೆಳಗೆ ನಿಲ್ಲಿಸಿ ಮೆರೆಯುತ್ತಾಳೆ ಎಂದರು. ಒಂದು ತೋಟದ ಯಜಮಾನರಂತೂ ಆಕೆಯನ್ನು ಕಂಡು, "ಗಂಡಸರು ಬಂದ್ಮೇಲೆ ಶುರು ಮಾಡಿ," ಎಂದು ಮರದ ನೆರಳಲ್ಲಿ ಕೂರಿಸಿದ್ದರಂತೆ. ಆಕೆ ಕೂತರು, ತಂದಿದ್ದ ಬುತ್ತಿ ಬಿಚ್ಚಿ ಉಂಡರು. ಯಜಮಾನರು ಒಳಗೆ ಹೋಗಿ ಬರುವಷ್ಟರಲ್ಲಿ ಕ್ಯಾಮೆರಾ ಕಂಬದ ಮೇಲಿತ್ತು.

ಬೈಗುಳಕ್ಕಿಂತ ಕೋತಿಗಳ ಕಾಟ ದೊಡ್ಡದು ಎನ್ನುತ್ತಾರೆ ಅವರು. ಫಲಕದ ತಂತಿ ಕಿತ್ತು ಜೋಕಾಲಿ ಆಡುತ್ತವೆ. ಗೇಟಿನ ಕಂಬದ ಸಂದಿಯಲ್ಲಿ ಕಣಜದ ಗೂಡು ಇರುತ್ತದೆ. ಒಮ್ಮೆ ಮಾಲೂರಿನ ಕಡೆ ಕಣಜ ಕಚ್ಚಿ ಮುಖವೆಲ್ಲ ಊದಿಕೊಂಡು, ಮನೆಗೆ ಬಂದಾಗ ಮಗಳು ಶ್ರೀವಾಣಿಗೆ ತಾಯಿಯ ಗುರುತೇ ಹತ್ತಲಿಲ್ಲ. "ಯಾರು ಬೇಕಿತ್ತು ಅಂತ ಕೇಳಿದ್ಲು ಸಾರ್, ನನ್ನ ಹೊಟ್ಟೇಲಿ ಹುಟ್ಟಿದೋಳು!" ಎಂದು ಈಗ ನಗುತ್ತಾರೆ.

ಆದರೆ ಅವರನ್ನು ಸುತ್ತಲಿನ ಊರುಗಳಲ್ಲಿ ಹೆಸರುವಾಸಿ ಮಾಡಿದ್ದು ಏಣಿಯ ಮೇಲಿನ ಕೆಲಸವಲ್ಲ. ಅದು ಬೈರಕೂರಿನ ಹತ್ತಿರದ ಶ್ರೀರಾಮಪ್ಪನವರ ಮಾವಿನ ತೋಟದಲ್ಲಿ ನಡೆದ ಸಂಗತಿ.

ಕಳೆದ ಶ್ರಾವಣದಲ್ಲಿ ಶ್ರೀರಾಮಪ್ಪನವರ ಪಂಪ್‌ಮನೆಯ ಸ್ಟಾರ್ಟರ್ ಪೆಟ್ಟಿಗೆ ಕಾಣೆಯಾಯಿತು. ಗೇಟಿಗೆ ಶಾಮಲಮ್ಮ ಹಾಕಿದ್ದ ಕ್ಯಾಮೆರಾ ಇತ್ತು. ಆದರೆ ಸಿಗ್ನಲ್ ಕೈಕೊಟ್ಟು ಎರಡು ದಿನದಿಂದ ಮೊಬೈಲಿಗೆ ಏನೂ ಬಂದಿರಲಿಲ್ಲ. ಹಿಂದಿನ ದಿನ ಗೇಟಿನ ಬಳಿ ಕುರಿ ಮೇಯಿಸುವ ಆಂಜಿಯನ್ನು ಯಾರೋ ನೋಡಿದ್ದರು. ಅಷ್ಟೇ ಸಾಕಾಯಿತು. ಅವನನ್ನು ಕರೆಸಿ ತೋಟದ ಅಂಗಳದಲ್ಲಿ ನಿಲ್ಲಿಸಿದರು. ಸುತ್ತ ಜನ ಸೇರಿದರು. ಒಬ್ಬ ಅವನ ಕೊರಳಪಟ್ಟಿಗೆ ಕೈ ಹಾಕಿ, "ಎಲ್ಲಿ ಮಾರ್ದೆ ಹೇಳ್ಲಾ," ಎಂದು ಜಗ್ಗುತ್ತಿದ್ದ.

ಕ್ಯಾಮೆರಾ ಕೆಟ್ಟಿದೆ ಬನ್ನಿ ಎಂದು ಕರೆಸಿಕೊಂಡಿದ್ದ ಶಾಮಲಮ್ಮ ಅಲ್ಲಿಗೆ ಬಂದದ್ದು ಆ ಹೊತ್ತಿಗೆ.

"ನಾನ್ ಮುಟ್ಟಿಲ್ಲಕ್ಕಾ, ದೇವರಾಣೆ ಮುಟ್ಟಿಲ್ಲ," ಎಂದು ಆಂಜಿ ಅವರತ್ತ ತಿರುಗಿ ಅಳತೊಡಗಿದ. ಅವನ ಪರಿಚಯ ಅವರಿಗಿರಲಿಲ್ಲ. ಅವನು ಕದ್ದಿದ್ದಾನೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಸಿಗ್ನಲ್ ಇಲ್ಲದಿದ್ದರೂ ಕ್ಯಾಮೆರಾ ತನ್ನ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲಿ ಎಲ್ಲವನ್ನೂ ತುಂಬಿಕೊಳ್ಳುತ್ತದೆ.

"ಅವನ ಮೇಲಿಂದ ಕೈ ತೆಗೀರಿ," ಎಂದರು ಶಾಮಲಮ್ಮ. "ಕಾರ್ಡು ನೋಡೋವರ್ಗೂ ಯಾರೂ ಯಾರ್ನೂ ಕಳ್ಳ ಅನ್ಬಾರ್ದು. ಅವನೇ ಕದ್ದಿದ್ರೆ ನಾನೇ ಮುಂದೆ ನಿಂತು ಹೇಳ್ತೀನಿ."

"ಹೆಂಗಸರಿಗ್ಯಾಕೆ ಪಂಚಾಯ್ತಿ? ಬಂದ ಕೆಲಸ ನೋಡ್ಕೊಳ್ಳಿ," ಎಂದು ಹಿಂದಿನಿಂದ ಒಂದು ದನಿ ಬಂತು.

"ಬಂದ ಕೆಲಸಾನೇ ಇದು," ಎಂದು ಅವರು ಏಣಿ ಎತ್ತಿಕೊಂಡರು.

ಮೋಡದ ದಿನ, ಸಣ್ಣ ಸೋನೆ. ಕಂಬ ಹತ್ತುವಾಗ ಹೆದರಿಕೆ ಇತ್ತು ಎಂದು ಶಾಮಲಮ್ಮ ಈಗ ಹೇಳುತ್ತಾರೆ. ಎತ್ತರದ್ದಲ್ಲ. "ಕಾರ್ಡಲ್ಲಿ ಏನೂ ಇಲ್ದೇ ಹೋದ್ರೆ ಏನ್ ಗತಿ ಅಂತ. ನಾನು ಇಟ್ಟ ಕಣ್ಣು ಮುಚ್ಕೊಂಡಿದ್ರೆ ಒಬ್ಬ ಮನುಷ್ಯನ ಬಾಳು ಹೋಗ್ತದಲ್ಲಾ."

ಕಾರ್ಡು ತೆಗೆದು, ಪಂಪ್‌ಮನೆಯ ಮೆಟ್ಟಿಲ ಮೇಲೆ ಕೂತು, ತಮ್ಮ ಮೊಬೈಲಿಗೆ ಜೋಡಿಸಿದರು. ಜನ ತಲೆಗೆ ತಲೆ ತಾಗಿಸಿ ಬಗ್ಗಿದರು. ಮೊದಲು ಕಂಡದ್ದು ಆಂಜಿಯೇ. ಗೇಟು ತೆರೆದು ಬಿದ್ದಿತ್ತು. ಎರಡು ಹಸು ತೋಟದೊಳಗೆ ನುಗ್ಗಿದ್ದವು. ಆಂಜಿ ಒಳಗೆ ಹೋಗಿ ಅವನ್ನು ಅಟ್ಟಿಕೊಂಡು ಬಂದ, ಗೇಟು ಎಳೆದು ಚಿಲಕ ಹಾಕಿದ, ಅದು ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಅಲ್ಲಾಡಿಸಿ ನೋಡಿ ತನ್ನ ಕುರಿಗಳ ಹಿಂದೆ ನಡೆದ. ಕೈಯಲ್ಲಿ ಒಂದು ಕೋಲು ಬಿಟ್ಟರೆ ಏನೂ ಇರಲಿಲ್ಲ.

ಶಾಮಲಮ್ಮ ಇನ್ನೂ ಹಿಂದಕ್ಕೆ ಹೋದರು. ಅದೇ ದಿನ ಬೆಳಗ್ಗೆ ಗೇಟು ತೆಗೆದದ್ದು ಶ್ರೀರಾಮಪ್ಪನವರ ತಮ್ಮನ ಮಗ ಅರುಣ್‌ಕುಮಾರ್. ಅವನ ಬೈಕಿನ ಹಿಂಬದಿಗೆ ಹಗ್ಗ ಕಟ್ಟಿ ಕೂರಿಸಿದ್ದದ್ದು ಸ್ಟಾರ್ಟರ್ ಪೆಟ್ಟಿಗೆ.

ಫೋನು ಹೋಯಿತು. ಮದನಪಲ್ಲಿಯ ಮದುವೆ ಮನೆಯಿಂದ ಅರುಣ್‌ಕುಮಾರನ ದನಿ ಎಲ್ಲರಿಗೂ ಕೇಳಿಸಿತು. "ಹೂಂ ದೊಡ್ಡಪ್ಪ, ಸೌಂಡ್ ಬರ್ತಿತ್ತು, ಮುಳಬಾಗಿಲಲ್ಲಿ ರಿಪೇರಿಗೆ ಕೊಟ್ಟೆ. ಹಂಗೇ ಮದುವೆಗೆ ಬಂದ್ಬಿಟ್ಟೆ. ಹೇಳಕ್ಕೆ ಮರ್ತೋಯ್ತು."

ಕೊರಳಪಟ್ಟಿ ಹಿಡಿದವನು ಎಲ್ಲೋ ಕೆಲಸವಿದೆಯೆಂಬಂತೆ ಜಾರಿಕೊಂಡ. ಶ್ರೀರಾಮಪ್ಪ ಮಾತ್ರ ಅಲ್ಲೇ ನಿಂತರು. ಆಮೇಲೆ ಆಂಜಿಯ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತಪ್ಪಾ. ನನ್ನ ತೋಟದ ಗೇಟು ಹಾಕ್ದೋನ್ನ ನಾನೇ ಕಳ್ಳ ಅಂದೆ," ಎಂದರು. ಯಾರ ಎದುರು ಅಂದಿದ್ದರೋ ಅವರೆಲ್ಲರ ಎದುರೇ ಹೇಳಿದರು. ಅಂದು ಮನೆಯ ಜಗಲಿಯ ಮೇಲೆ ಆಂಜಿಗೂ ಶಾಮಲಮ್ಮನಿಗೂ ಒಟ್ಟಿಗೇ ಎಲೆ ಹಾಕಿ ಊಟ ಬಡಿಸಿದರು. ಮಾರನೆಯ ವಾರದಿಂದ ತೋಟದ ಮೇಲ್ವಿಚಾರಣೆ ಆಂಜಿಯದೇ.

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕ್ಯಾಮೆರಾ ಹಾಕಿಸಿ ಎಂದು ಈಗ ತೋಟದ ಯಜಮಾನರಷ್ಟೇ ಅಲ್ಲ, ಕೆಲಸದವರೂ ಕೇಳುತ್ತಾರಂತೆ. "ಕಳ್ಳನ್ನ ಹಿಡಿಯೋ ಮಿಷಿನ್ನು ಅಂತ ಮಾರ್ತಾರೆ ಇದನ್ನ," ಎನ್ನುತ್ತಾರೆ ಶಾಮಲಮ್ಮ. "ಇಷ್ಟು ವರ್ಷಕ್ಕೆ ಇದು ಹಿಡ್ಕೊಟ್ಟಿರೋ ಕಳ್ರು ಬೆರಳೆಣಿಕೆ. ಆದ್ರೆ ಕಳ್ಳ ಅಲ್ದೇ ಇರೋ ಒಬ್ಬನ್ನ ಉಳ್ಸಿದ್ದನ್ನ ನಾನು ಕಣ್ಣಾರೆ ಕಂಡೆ. ನಂಗೆ ಅದೇ ದೊಡ್ಡದು."

ದೇವರಾಯಸಮುದ್ರದಲ್ಲಿ ಬಿಸಿಲು ಈಗ ಚೆನ್ನಾಗಿ ಏರಿದೆ. ಚಿಕ್ಕಗಂಗಮ್ಮ ಕೊಟ್ಟ ರಾಗಿ ಅಂಬಲಿಯನ್ನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಶಾಮಲಮ್ಮ ಕುಡಿಯುತ್ತಾರೆ. ಮುಂದೇನು ಆಸೆ ಎಂದು ಕೇಳುವಷ್ಟರಲ್ಲಿ ಅವರ ಫೋನು ಮೊಳಗುತ್ತದೆ. ಮಾಲೂರಿನ ಕಡೆಯ ಹೊಸ ಗಿರಾಕಿ. ಆತನ ಗಟ್ಟಿ ದನಿ ಪಕ್ಕದವರಿಗೂ ಕೇಳುತ್ತದೆ.

"ಅಮ್ಮಾ, ತೋಟದ ಗೇಟಿಗೆ ಕ್ಯಾಮೆರಾ ಹಾಕ್ಸ್ಬೇಕಿತ್ತು. ಯಜಮಾನ್ರಿಗೆ ಕೊಡಿ ಫೋನು."

ಶಾಮಲಮ್ಮ ಲೋಟ ಕೆಳಗಿಡುತ್ತಾರೆ.

"ಹಾಕೋಳು ನಾನೇ ಸಾರ್. ನಿಮ್ಮ ಗೇಟು ಯಾವ ದಿಕ್ಕಿಗಿದೆ, ಅದನ್ನ ಹೇಳಿ."