ಬೀದಿಗೆ ಜೀವಕಳೆ ತುಂಬುವ ಬೀಗದಕ್ಕ

ಮೂವತ್ತು ಮನೆಗಳ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಆಕೆಗೆ ಬೀಗದಕ್ಕ ಎಂದೇ ಹೆಸರು. ಅವಳಿರುವ ಹಳೆಯ ಬೀದಿಗೆ ಪ್ರವಾಸಿಗರು ಹೆಚ್ಚಿ, ಬಾಡಿಗೆ ಗಗನಕ್ಕೇರಿ, ಅಲ್ಲಿಯವರೆಲ್ಲ ಗಂಟುಮೂಟೆ ಕಟ್ಟಿದರು. ಜನರಿಲ್ಲದ ಬೀದಿಯನ್ನು ನೋಡಲು ಪ್ರವಾಸಿಗರೂ ಬಾರದಾದಾಗ, ಪ್ರವಾಸೋದ್ಯಮ ಸಮಿತಿಯವರು ಅಲ್ಲಿ ಜೀವಕಳೆ ತುಂಬಲು ಇವಳನ್ನು ಸಂಬಳಕ್ಕಿಟ್ಟುಕೊಂಡರು. ಬೆಳಗಾದರೆ ಮನೆಮನೆಯ ಕಿಟಕಿ ತೆರೆಯುತ್ತಾಳೆ, ಯಾರೂ ತೊಡದ ಅಂಗಿಗಳನ್ನು ಒದ್ದೆ ಮಾಡಿ ಹರವುತ್ತಾಳೆ, ಖಾಲಿ ಅಡುಗೆಮನೆಗಳಲ್ಲಿ ನಿಂತು ಪಾತ್ರೆ ಸದ್ದು ಮಾಡುತ್ತಾಳೆ. “ಮನೆಯವರೆಲ್ಲಿ?” ಎಂದು ಪ್ರವಾಸಿಗರು ಕೇಳಿದರೆ, “ಈಗ ತಾನೇ ಹೊರಗೆ ಹೋದ್ರು, ಬಂದ್ಬಿಡ್ತಾರೆ” ಎನ್ನುತ್ತಾಳೆ. ತಾನೇ ಇಪ್ಪತ್ತು ವರ್ಷ ಸಂಸಾರ ಮಾಡಿ ಬಿಟ್ಟುಕೊಟ್ಟ ಕೊನೆಯ ಮನೆಗೆ ಬಂದಾಗ ಮಾತ್ರ, ಬೀಗ ತೆಗೆಯುವ ಮೊದಲು ಬಾಗಿಲು ತಟ್ಟಿ ಕಾಯುತ್ತಾಳೆ. “ಖಾಲಿ ಮನೆ ಬಾಗಿಲು ಯಾಕಕ್ಕಾ ತಟ್ತೀರಿ?” ಎಂದು ಗೈಡ್ ಒಮ್ಮೆ ನಕ್ಕಾಗ ಅವಳು ದನಿ ತಗ್ಗಿಸಿದಳು: “ಮೊನ್ನೆ ತಟ್ಟದೆ ಒಳಗೆ ಹೋಗ್ಬಿಟ್ಟೆ ಕಣಪ್ಪಾ. ಪಾಪ, ಒಳಗಿದ್ದೋರು ಬೆಚ್ಚಿಬಿದ್ರು.”