ಬಿಳಿ ಐದರಿಂದ ಕರಿ ನಾಲ್ಕಕ್ಕೆ

ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ತಿಕೋಟಾದ ತವರಿನಿಂದ ಅಣ್ಣ ಕಳಿಸಿದ ದ್ರಾಕ್ಷಿ. ಶ್ರಾವಣದ ಕಡೆಯ ಸೋಮವಾರ ಬಬಲೇಶ್ವರದ ಮಠಕ್ಕೆ ಪ್ರಸಾದಕ್ಕೆಂದು ಒಯ್ಯುವುದಿತ್ತು. ಅಂದೇ ಅಲ್ಲಿನ ಹೆಣ್ಣುಮಕ್ಕಳ ಭಜನಾ ಮಂಡಳಿಯಲ್ಲಿ ನಾನೂ ನನ್ನ ತಂಗಿಯೂ ಕೂಡಿ ಬಾರಿಸುವವರಿದ್ದೆವು. ಅವಳು ಹಾರ್ಮೋನಿಯಂ, ನಾನು ಮೌತ್ ಆರ್ಗನ್. ತಂಗಿಯನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ಆ ಮಂಡಳಿಯ ಪೇಟಿ ಅವಳ ಕೈಯಲ್ಲೇ ಇದೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುವುದರಿಂದ ನನ್ನದಕ್ಕೆ ಅವಳೇ ಬಾಯಿಪೇಟಿ ಎಂದು ಹೆಸರಿಟ್ಟಿದ್ದಳು.

ಫೋನು ಬಂತು. ಮಂಡಳಿಯಲ್ಲಿ ತಾಳ ಹಾಕುವ ಸಾರವಾಡದ ಹೆಣ್ಣುಮಗಳು.

"ಅಕ್ಕಾರ, ಒಂದ್ ಕೇಳ್ತೀನ್ರಿ. ನಿಮ್ಮ ಬಾಯಿಪೇಟಿ ಕರಿ ನಾಲ್ಕಕ್ಕ ಕೂಡತೈತಿಲ್ರಿ?"

"ಕರಿ ನಾಲ್ಕ ಯಾಕವ್ವಾ? ನಮ್ಮ ಪದ ಬಿಳಿ ಐದರಾಗ ಐತಲ್ಲ."

"ಮೊನ್ನಿ ತಾಲೀಮಿನ್ಯಾಗ ನಿಮ್ಮ ತಂಗ್ಯಾರು ಏರಿಸ್ಯಾರ್ರಿ. ನಿಮಗ ಹೇಳಿರ್ತಾರ ಅಂತ ತಿಳದಿದ್ನಿ. ಹೇಳಿಲ್ಲೇನ್ರಿ?"

ಹೇಳಿರಲಿಲ್ಲ. ತಾಲೀಮು ಆದದ್ದೂ ನನಗೆ ಗೊತ್ತಿರಲಿಲ್ಲ.

ಇದರಲ್ಲೇನು ದೊಡ್ಡ ಸುದ್ದಿ ಎಂದು ಓದುವವರಿಗೆ ಅನ್ನಿಸಬಹುದು. ಬಿಳಿ ಐದು, ಕರಿ ನಾಲ್ಕು ಎಂದರೆ ಪೇಟಿಯ ಐದನೇ ಬಿಳಿ ಪಟ್ಟಿ, ನಾಲ್ಕನೇ ಕರಿ ಪಟ್ಟಿ; ಹಾಡುವವರಿಗೆ ಗೋಡೆಗೆ ಗೋಡೆ ಹತ್ತಿದ ಮನೆಗಳು. ಪೇಟಿ ಬಾರಿಸುವವರು ಬೆರಳನ್ನು ಪಕ್ಕದ ಪಟ್ಟಿಗೆ ಸರಿಸಿದರೆ ಆಯಿತು. ನನ್ನ ಬಾಯಿಪೇಟಿಗೆ ಹಾಗಿಲ್ಲ. ಹತ್ತು ತೂತು, ಅವುಗಳಲ್ಲಿ ಕೂಡಿಸಿಟ್ಟ ಸ್ವರಗಳಷ್ಟೇ. ಹಾಡಿನ ಸುರು, ಅಂದರೆ ಶ್ರುತಿ, ಬದಲಾದರೆ ಪೇಟಿಯನ್ನೇ ಬದಲಿಸಬೇಕು. ಕರಿ ನಾಲ್ಕಕ್ಕೆ ಹೊಂದುವಂಥದ್ದು ನನ್ನ ಹತ್ತಿರ ಇರಲಿಲ್ಲ.

ಇಲ್ಲವೆಂಬುದು ನನ್ನ ತಂಗಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ತವರಿನ ಟ್ರಂಕಿನಲ್ಲಿ ಅವನ ಮೌತ್ ಆರ್ಗನ್ ಸಿಕ್ಕಿತು. ಜಂಗು ಹಿಡಿದು ದನಿ ಸತ್ತಿತ್ತು. ನಾನು ಅದನ್ನು ಸೆರಗಿನಿಂದ ಒರೆಸುತ್ತ ಕೂತದ್ದನ್ನು ನೋಡಿ ನಮ್ಮ ಮನೆಯವರು ಸೊಲ್ಲಾಪುರಕ್ಕೆ ಹೋದಾಗ ಹೊಸದೊಂದು ತಂದುಕೊಟ್ಟರು. ಕೇಳದೆ ತಂದರು, ದೇವರ ದಯೆ ಅಂಥ ರೂಪದಲ್ಲೂ ಬರುತ್ತದೆ. ಆಮೇಲೆ ಫೋನಿನಲ್ಲಿ ಒಬ್ಬ ಪರದೇಶದ ಮುದುಕ ಬ್ಲೂಸ್ ಎಂಬ ಸಂಗೀತ ಬಾರಿಸುವುದನ್ನು ಕಂಡೆ. ತಂಗಿಗೆ ತೋರಿಸಿದೆ.

"ಯಕ್ಕಾ, ಇದು ಸತ್ತವರ ಮನ್ಯಾಗ ಬೆಳತನಕ ಮಾಡೂ ಭಜನಿ ಇದ್ದಂಗ ಐತಿ," ಎಂದಳು. ಅವಳ ಕಿವಿ ಅಂಥದ್ದು.

ತವರಿಗೆ ಹೋದಾಗಲೆಲ್ಲ ಇಬ್ಬರೂ ಮಾಳಿಗೆ ಹತ್ತಿ ಕೂಡುತ್ತಿದ್ದೆವು. ನನ್ನ ಬಾಯಿಪೇಟಿಯ ಮೇಲೆ C ಎಂದು ಕೊರೆದಿತ್ತು. ಪೇಟಿಯ ಲೆಕ್ಕದಲ್ಲಿ ಅದು ಬಿಳಿ ಒಂದು. ನಾವು ಭಜನೆಯವರು, ಸಾ ಎಲ್ಲಿಂದ ಎಂದು ಹೇಳಿದರೆ ಅಲ್ಲಿಂದಲೇ ಹಾಡು ಎಂದು ನಂಬಿದವರು. ನಾಲ್ಕನೇ ತೂತು ಊದಿ ಸಾ ಹಿಡಿದೆ. ಎಲ್ಲ ಸ್ವರವೂ ಸರಿಯಾಗಿಯೇ ಬಂತು, ಆದರೆ ಮುದುಕನ ಆ ಅಳು ಬರಲಿಲ್ಲ. ಸಾಲಿ ಮಕ್ಕಳ ಪ್ರಾರ್ಥನೆಯಂತೆ ಕೇಳಿಸಿತು. ತಿಂಗಳುಗಟ್ಟಲೆ ಹಾಗೇ ಊದಿದೆ.

ಕೊನೆಗೆ ಗುಟ್ಟು ಹಿಡಿದವಳು ತಂಗಿ. ಫೋನನ್ನು ಪೇಟಿಯ ಮೇಲಿಟ್ಟು, ಒಂದೊಂದೇ ಪಟ್ಟಿ ಒತ್ತುತ್ತ ಹೋಗಿ, ನಕ್ಕಳು.

"ಮುದುಕ ಕಳ್ಳ ಅದಾನ ಯಕ್ಕಾ. ಬಿಳಿ ಒಂದರ ಪೇಟಿ ಹಿಡದಾನ, ಬಿಳಿ ಐದರಾಗ ಬಾರಸಾಕತ್ತಾನ. ಊದಬ್ಯಾಡ ನೀ, ಎಳಿ. ಎರಡನೇ ತೂತು ಎಳಿ."

ಎಳೆದೆ. ಸಾ ಅಲ್ಲಿ ಕುಳಿತಿತ್ತು.

ಅಂದಿನಿಂದ ನಮ್ಮ ಸೂತ್ರ ಒಂದೇ. ಹಾಡಿನ ಸಾ ಯಾವುದೋ ನೋಡು, ಅದರಿಂದ ಮ ಎಣಿಸು, ಆ ಮ ಯಾವ ಸ್ವರವೋ ಅದರ ಬಾಯಿಪೇಟಿ ಕೈಗೆ ತಗೋ. ಎರಡನೇ ತೂತಿನಲ್ಲಿ ಉಸಿರು ಒಳಗೆ ಎಳೆದರೆ ಹಾಡಿನ ಸಾ ಸಿಗುತ್ತದೆ. ಒಂದು, ಎರಡು, ಮೂರು ತೂತು ಕೂಡಿಸಿ ಎಳೆದರೆ ಸಾ, ಗ, ಪ ಒಟ್ಟಿಗೆ ನುಡಿದು ಹಾಡಿನ ಮನೆ. ಅವೇ ಮೂರನ್ನು ಊದಿದರೆ ಮ ಸ್ವರದ ಮನೆ. ಹಾಡು ಪ-ಕ್ಕೆ ಹೋದಾಗ ನಾಲ್ಕನೆಯದನ್ನು ಎಳೆಯಬೇಕು. ಈ ಮೂರು ಮನೆ ಓಡಾಡಿದರೆ ಬ್ಲೂಸಿನ ಮುಕ್ಕಾಲು ಊರು ನೋಡಿದಂತೆ. ಮುಂದೆ ಮನೆಯವರು ಇನ್ನೆರಡು ತಂದುಕೊಟ್ಟಾಗ ಬಿಳಿ ಆರು, ಬಿಳಿ ಮೂರರ ಹಾಡುಗಳೂ ಬಂದವು. ತೂತುಗಳು ಅವೇ, ಉಸಿರು ಅದೇ. ಪೇಟಿ ಮಾತ್ರ ಬೇರೆ.

ಮಂಡಳಿಯಲ್ಲಿ ಹಾಡುವ ಹಿರಿಯಳ ಸುರು ಮೊದಲಿನಿಂದಲೂ ಬಿಳಿ ಐದು. ಎಲ್ಲಿಯ ಮುದುಕ, ಎಲ್ಲಿಯ ಬಬಲೇಶ್ವರ. ಕೂಡಿಸಿದ ಶಿವ ದೊಡ್ಡವನು ಎಂದು ಕೈಮುಗಿದಿದ್ದೆ. ಒಂದು ತತ್ವಪದಕ್ಕೆ ನಡುನಡುವೆ ನುಡಿಸುವ ತುಣುಕುಗಳನ್ನು ನಾನೇ ಕಟ್ಟಿದ್ದೆ. ಒಗ್ಗರಣೆ ಹಾಕುವಾಗಲೂ ಅವು ಬಾಯಲ್ಲಿ ಇರುತ್ತಿದ್ದವು.

ಸಾರವಾಡದಾಕೆಯ ಫೋನು ಇಟ್ಟು ತಂಗಿಗೆ ಹಚ್ಚಿದೆ.

"ಕರಿ ನಾಲ್ಕಕ್ಕ ಏರಿಸೀಯಂತ."

"ಹೂಂ ಯಕ್ಕಾ, ಹೇಳಬೇಕು ಅಂತಿದ್ದೆ. ಹಾಡೋರ ದನಿ ಈಗ ಮ್ಯಾಲೆ ಹೊಂಟೈತಿ."

"ಮುಪ್ಪಿನ್ಯಾಗ ದನಿ ಇಳೀತೈತಿ, ಏರಂಗಿಲ್ಲ. ಖರೆ ಹೇಳು."

ಆಚೆ ಬಾಗಿಲು ಎಳೆದುಕೊಂಡ ಸಪ್ಪಳ ಕೇಳಿಸಿತು. ಮೆಲ್ಲಗೆ ಹೇಳಿದಳು, "ನಮ್ಮತ್ತಿ ಒಲ್ಲೆ ಅಂದಾರ. ಎಂಜಲ ಹಚ್ಚಿದ್ದು ಗದ್ದಿಗಿ ಮುಂದ ಬ್ಯಾಡಂತ."

"ಸನಾದಿ ಊದೋರು ಮೂಗಿಲೆ ಊದ್ತಾರೇನು?"

"ಅದನ್ನೂ ಅಂದೆ. ಅವರು ಊದ್ತಾರ, ನಿಮ್ಮಕ್ಕ ಎಳೀತಾಳ ಅಂದ್ರು. ದೇವರ ಮುಂದ ಬಸಿ ಹಿಡದು ಸುರ್ ಅಂತ ಚಾ ಕುಡದಂಗ ಕಾಣ್ತೈತಂತ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. "ಅದನ್ನ ನನಗ ಹೇಳಬೇಕಿತ್ತಲ್ಲ?"

"ಹೆಂಗ ಹೇಳ್ಲಿ? ನೀ ನೊಂದ್ಕೋತಿದ್ದಿ. ಸುರು ಬದಲಾತಂದ್ರ ಯಾರ ಮ್ಯಾಲೂ ತಪ್ಪ ಬರಂಗಿಲ್ಲ, ನೀನೂ ಪೇಟಿ ಇಲ್ಲಂತ ಸುಮ್ಮನಾಗ್ತಿ ಅಂತ..."

ಅವಳ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹಳೆಯ ಜೀವ, ತನ್ನ ಮಡಿಯೊಳಗೆ ತಾನಿದೆ, ಬೇಡವೆಂದರೆ ಬೇಡ. ಆದರೆ ಸಾ ಎಲ್ಲಿದೆ, ಮ ಎಲ್ಲಿದೆ, ಅಕ್ಕನ ಹತ್ತಿರ ಯಾವುದು ಇದೆ, ಯಾವುದು ಇಲ್ಲ ಎಂದು ಮಾಳಿಗೆಯ ಮೇಲೆ ಜೊತೆಗೂಡಿ ಕಲಿತದ್ದನ್ನೆಲ್ಲ ತೂಗಿ, ನಾನು ಕಾಲಿಡಲಾಗದ ಒಂದು ಸ್ವರವನ್ನು ಹುಡುಕಿ ತೆಗೆದಿದ್ದಳಲ್ಲ, ಅದು ಅತ್ತೆಗೆ ತಿಳಿಯುವಂಥದ್ದಲ್ಲ. ನನ್ನ ಬೆನ್ನಿಗೆ ಹುಟ್ಟಿದವಳಿಗೇ ತಿಳಿಯುವಂಥದ್ದು.

"ಸಿಟ್ಟಾಗಬ್ಯಾಡ ಯಕ್ಕಾ. ತವರಮನ್ಯಾಗ ಮತ್ತ ಬಿಳಿ ಐದರಾಗ ಬಾರಸೂಣಂತ."

"ಆತು, ಇಡು," ಎಂದೆ.

ಸೋಮವಾರ ನಾನು ಹೋಗಲಿಲ್ಲ. ದ್ರಾಕ್ಷಿಯನ್ನು ಮನೆಯವರ ಕೈಯಲ್ಲಿ ಕಳಿಸಿದೆ. ಲಿಂಗಪೂಜೆಗೆ ಕೂತಾಗ ದೇವರ ಉಪಕಾರಗಳನ್ನು ಎಣಿಸುವುದು ನನ್ನ ರೂಢಿ. ಅಂದು ಎರಡೇ ಸಿಕ್ಕವು: ಸುದ್ದಿ ಮೊದಲೇ ತಿಳಿದು, ಮಠದ ತುಂಬ ಜನರೆದುರು ಬೇಸುರು ನುಡಿಸುವುದು ತಪ್ಪಿತು, ಏನಾಯಿತೆಂದು ಮನೆಯವರು ಕೆದಕಿ ಕೇಳಲಿಲ್ಲ.

ಮರುದಿನ ಮುಂಜಾನೆ ತಂಗಿ ಫೋನಿಗೆ ಭಜನೆಯ ಆಡಿಯೋ ಕಳಿಸಿದಳು. ಕೇಳಬಾರದೆಂದುಕೊಂಡು ಕೇಳಿದೆ. ಹಿರಿಯಳ ದನಿ ಕರಿ ನಾಲ್ಕರಲ್ಲಿ ಉಬ್ಬಸಪಡುತ್ತಿತ್ತು. ಮೊದಲ ನುಡಿ ಮುಗಿಯಿತು. ನಾನು ನುಡಿಸಬೇಕಿದ್ದ ಜಾಗ ಬಂತು. ಅಲ್ಲಿ ತಾಳವಷ್ಟೇ ಇರುತ್ತದೆ ಎಂದುಕೊಂಡಿದ್ದೆ. ಪೇಟಿ ನುಡಿಯಿತು. ನಾನು ಕಟ್ಟಿದ ತುಣುಕೇ, ಒಂದು ಸ್ವರವೂ ಬಿಡದೆ. ಎರಡನೇ ನುಡಿಯ ನಂತರವೂ ನನ್ನದೇ. ಕೊನೆಯಲ್ಲಿ ಯಾರೋ ಭೇಷ್ ಎಂದರು.

ಮತ್ತೊಮ್ಮೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದೆ. ಮೂರನೇ ತೂತನ್ನು ಎಳೆಯುತ್ತ ಗಂಟಲು ಬಿಗಿದರೆ ಗ ಸ್ವರ ಜಾರಿ, ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ನಿಂತು ನರಳುತ್ತದೆ. ಪೇಟಿಗೆ ಆ ಸಂದಿ ಇಲ್ಲ. ತಂಗಿ ಅಲ್ಲಿ ಬಂದು ಆ ಪಟ್ಟಿ ಒತ್ತಿದಳು, ಈ ಪಟ್ಟಿ ಒತ್ತಿದಳು, ದಾಟಿಹೋದಳು. ಅದೊಂದನ್ನು ಅವಳಿಂದ ಒಯ್ಯಲಾಗಿರಲಿಲ್ಲ. ಇದನ್ನೂ ಉಪಕಾರದಲ್ಲಿ ಸೇರಿಸಬಹುದೇ ಎಂದು ಯೋಚಿಸಿದೆ. ಅಂದು ಮನಸ್ಸು ಬರಲಿಲ್ಲ.

"ಹೆಂಗಾಗೈತಿ ಯಕ್ಕಾ?" ಎಂದು ಬರೆದು ಕೇಳಿದ್ದಳು.

"ಬಿಳಿ ಐದರಾಗ ಹಾಡೋರಿಗೆ ಆರಾಮ ಇತ್ತು," ಎಂದು ಬರೆದು ಕಳಿಸಿದೆ. ಓದಿದ ಗುರುತು ಬಂತು.

ಹೊರಗೆ ಎದುರುಮನೆಯಾಕೆ ಕೂಗಿದಳು, "ನಳ ಬಂದೈತ್ರೀ, ಸಣ್ಣಗೈತಿ, ಲಗೂನ ತುಂಬ್ಕೋರಿ." ಅಥಣಿ ರಸ್ತೆಯ ನಮ್ಮ ಓಣಿಗೆ ಒಮ್ಮೆ ನೀರು ತಪ್ಪಿದರೆ ಮತ್ತೆ ಯಾವಾಗಲೋ. ಫೋನನ್ನು ಕಪಾಟಿನ ಮೇಲಿಟ್ಟು, ಕೊಡ ತಿಕ್ಕಿ, ನಳದ ಕೆಳಗೆ ಹಚ್ಚಿದೆ.